ಅವನ ಹೆಸರಿಗೂ ಒಂದು ಬೊಗಸೆ

ಕಳೆದ ಭಾದ್ರಪದದ ಅಮಾವಾಸ್ಯೆಗೆ ಆಯಿಯನ್ನು ಕರೆದುಕೊಂಡು ಗೋಕರ್ಣಕ್ಕೆ ಹೋಗಿದ್ದೆ. ಅಪ್ಪಯ್ಯ ತೀರಿಕೊಂಡ ವರ್ಷ ಮಹಾಲಯ ಮಾಡುವ ಹಾಗಿರಲಿಲ್ಲ. ವರ್ಷಾಂತದ ಕಾರ್ಯ ಮುಗಿದು, ಮನೆಯ ಸತ್ತವರ ಪಟ್ಟಿ ಈಗ ನನ್ನ ಪಾಲಿಗೆ ಬಂದಿತ್ತು. ಹಳೆಯ ಡೈರಿಯ ಕೊನೆಯ ಪುಟದಲ್ಲಿ ಅಪ್ಪಯ್ಯನೇ ಬರೆದಿಟ್ಟ ಪಟ್ಟಿ. ಅಜ್ಜ, ಮುತ್ತಜ್ಜ, ಅವರ ಹೆಂಡಂದಿರು, ಆಯಿಯ ತವರಿನವರು, ಹೆರಿಗೆಯಲ್ಲಿ ಹೋದ ಅತ್ತೆ, ಅವನಿಗೆ ಅಕ್ಷರ ಕಲಿಸಿದ ಮಾಸ್ತರು. ಸಮುದ್ರಸ್ನಾನ ಮುಗಿಸಿ ಒದ್ದೆ ಪಂಚೆಯಲ್ಲಿ, ದರ್ಭೆಯ ಪವಿತ್ರ ಹಾಕಿಕೊಂಡು ಕುಳಿತಿದ್ದೆ. ಭಟ್ಟರು ಒಂದೊಂದೇ ಸಂಬಂಧ ಹೇಳುತ್ತಿದ್ದರು, ನಾನು ಪಟ್ಟಿ ನೋಡಿ ಹೆಸರು ಹೇಳುತ್ತಿದ್ದೆ. ‘ಪಿತೃವ್ಯ’ ಎಂದರು. ತಂದೆಯ ಅಣ್ಣ ತಮ್ಮಂದಿರು. ದೊಡ್ಡಪ್ಪನ ಹೆಸರಿತ್ತು, ಹೇಳಿದೆ. ಭಟ್ಟರು ಮುಂದಿನ ಸಂಬಂಧಕ್ಕೆ ಹೋಗುವಷ್ಟರಲ್ಲಿ ಹಿಂದೆ ಕುಳಿತಿದ್ದ ಆಯಿ, “ಅವನ ಹೆಸರನ್ನೂ ಹೇಳು” ಅಂದಳು.

ಯಾರ ಹೆಸರು ಎಂದು ನಾನು ಕೇಳಲಿಲ್ಲ. ಕೇಳುವ ಅಗತ್ಯವಿರಲಿಲ್ಲ. ಕೈಯಲ್ಲಿದ್ದ ಎಳ್ಳು ಬೆವರಿಗೋ ನೀರಿಗೋ ಅಂಗೈಗೆ ಮೆತ್ತಿಕೊಂಡಿತ್ತು.

ಎಳ್ಳುನೀರು ಬಿಡುವುದು ಎಂಬ ಮಾತಿಗೆ ಕನ್ನಡದಲ್ಲಿ ಎರಡು ಅರ್ಥಗಳಿವೆ. ಸತ್ತವನ ಬಾಯಾರಿಕೆಗೆ ಎಳ್ಳು ಬೆರೆಸಿದ ನೀರು ಕೊಡುವುದು ಒಂದು. ಬದುಕಿರುವವನ ನಂಟನ್ನು ಇನ್ನಿಲ್ಲವೆಂದು ಕಳಚಿಬಿಡುವುದು ಇನ್ನೊಂದು. ಅಪ್ಪಯ್ಯ ಎರಡನೆಯ ಅರ್ಥದಲ್ಲಿ ತನ್ನ ತಮ್ಮನಿಗೆ ಎಳ್ಳುನೀರು ಬಿಟ್ಟಿದ್ದ. ಕೋರ್ಟಿನ ತೀರ್ಪು ಬಂದ ದಿನ ಜಗುಲಿಯಲ್ಲಿ ಕವಳ ಹಾಕುತ್ತ ಅವನು ಅದೇ ಮಾತನ್ನು ಆಡಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಚಿಕ್ಕಪ್ಪ ಆಗಿನ್ನೂ ಐವತ್ತು ದಾಟದ ಗಟ್ಟಿ ಆಳು. ಆಮೇಲೆ ಅವನು ಸತ್ತಾಗ ಮೊದಲನೆಯ ಅರ್ಥದ ಎಳ್ಳುನೀರನ್ನು ಯಾರೂ ಬಿಡಲಿಲ್ಲ. ಅವನಿಗೆ ಮಕ್ಕಳಿರಲಿಲ್ಲ. ಚಿಕ್ಕಮ್ಮ ಅವನಿಗಿಂತ ಮೊದಲೇ ಹೋಗಿದ್ದಳು.

ಜಗಳದ ಕಾರಣ ಶಿರಸಿ ಸೀಮೆಯ ನೂರು ಮನೆಗಳಲ್ಲಿ ಇರುವಂಥದ್ದೇ. ತೋಟದ ಗಡಿ, ಸೊಪ್ಪಿನ ಬೆಟ್ಟದ ಪಾಲು, ಅಬ್ಬಿ ನೀರಿನ ಕಾಲುವೆ. ನಾವು ಗೆದ್ದೆವು. ಕಾಲುವೆ ನಮ್ಮದಾಯಿತು. ಆ ತೋಟದ ಅಡಿಕೆಯಲ್ಲೇ ನನ್ನ ಓದು ಮುಗಿಯಿತು, ತಂಗಿಯ ಮದುವೆಯಾಯಿತು. ಚಿಕ್ಕಪ್ಪ ತನ್ನ ಪಾಲಿಗೆ ಬಂದದ್ದನ್ನು ಮಾರಿ ಕುಮಟೆಯಲ್ಲಿ ಬಾಡಿಗೆ ಮನೆ ಹಿಡಿದ.

ಅಪ್ಪಯ್ಯ ಹೋದ ಮೇಲಿನ ಮಳೆಗಾಲದಲ್ಲಿ, ಕಾರವಾರದ ಮನೆಯಲ್ಲಿ ನಾನು ವ್ಯಾಸಭಾರತದ ಸ್ತ್ರೀಪರ್ವವನ್ನು ಮೊದಲ ಬಾರಿಗೆ ಪೂರ್ತಿಯಾಗಿ ಓದಿದೆ. ಮನಸ್ಸಿಗೆ ಬೇಕಾಗಿದ್ದದ್ದು ಸಮಾಧಾನ, ಕೈಗೆ ಸಿಕ್ಕಿದ್ದು ಅದು. ಹದಿನೆಂಟು ಪರ್ವಗಳಲ್ಲಿ ಹನ್ನೊಂದನೆಯದು, ಇಪ್ಪತ್ತೇಳೇ ಅಧ್ಯಾಯಗಳ ಸಣ್ಣ ಪರ್ವ. ಅದರ ಮುಂದಿರುವ ಶಾಂತಿಪರ್ವ ಇಡೀ ಭಾರತದಲ್ಲೇ ದೊಡ್ಡದು. ಅಳುವುದಕ್ಕೆ ಇಷ್ಟೇ ಜಾಗ ಕೊಟ್ಟು ಉಪದೇಶಕ್ಕೆ ಅಷ್ಟು ಜಾಗ ಕೊಟ್ಟರೇ ಎಂದು ಮೊದಲು ಅನ್ನಿಸಿತ್ತು. ಓದಿದ ಮೇಲೆ ತಿಳಿಯಿತು, ಇಪ್ಪತ್ತೇಳು ಅಧ್ಯಾಯಗಳಿಗಿಂತ ಹೆಚ್ಚು ಇದ್ದಿದ್ದರೆ ನನ್ನಿಂದ ಓದಲಾಗುತ್ತಿರಲಿಲ್ಲ.

ನಮ್ಮ ಕಡೆಯವರಿಗೆ ಭಾರತ ಗೊತ್ತಿರುವುದು ಯಕ್ಷಗಾನದ ಆಟದಿಂದ, ತಾಳಮದ್ದಲೆಯಿಂದ. ಚಿಕ್ಕಪ್ಪನೇ ನನ್ನನ್ನು ಆಟಕ್ಕೆ ಕರೆದುಕೊಂಡು ಹೋಗುತ್ತಿದ್ದವನು. ಗದಾಯುದ್ಧದಲ್ಲಿ ಕೌರವ ಬೀಳುವ ಹೊತ್ತಿಗೆ ಪೂರ್ವದಲ್ಲಿ ಬೆಳಕು ಹರಿದಿರುತ್ತಿತ್ತು. ಭಾಗವತರು ಮಂಗಳ ಹಾಡುತ್ತಿದ್ದರು. ನಿದ್ದೆಗಣ್ಣಿನಲ್ಲಿ ನಾನು ಚಿಕ್ಕಪ್ಪನ ಹೆಗಲೇರಿ ಮನೆಗೆ ಬರುತ್ತಿದ್ದೆ. ಆರಿದ ಸೂಡಿಯ ಹೊಗೆಯ ವಾಸನೆ ಅವನ ಕಂಬಳಿಗೆ ಹತ್ತಿರುತ್ತಿತ್ತು. ಒಮ್ಮೆ ಕೇಳಿದೆ, “ಕೌರವನ ಆಯಿಗೆ ಯಾರು ಹೋಗಿ ಹೇಳಿದರು?” ಅವನು ಸ್ವಲ್ಪ ದೂರ ಸುಮ್ಮನೆ ನಡೆದ. “ಅದು ಆಟದಲ್ಲಿ ಬರುವುದಿಲ್ಲ ಮಾಣಿ” ಅಂದ.

ಅದು ಹೇಗೋ ಮನಸ್ಸಿನಲ್ಲಿ ಉಳಿದುಬಿಟ್ಟಿತ್ತು. ನಮ್ಮ ಮನೆಯಲ್ಲಿ ಕುಮಾರವ್ಯಾಸನ ಭಾರತವಿತ್ತು. ಅವನು ಗದಾಪರ್ವದವರೆಗೆ ಹತ್ತು ಪರ್ವ ಹೇಳಿ ನಿಲ್ಲಿಸಿದ. ಉಳಿದವನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಹೇಳಿದ. ಆ ಎರಡನೆಯ ಪುಸ್ತಕ ನಮ್ಮ ಮನೆಯಲ್ಲಿರಲಿಲ್ಲ, ಊರಿನ ಯಾರ ಮನೆಯಲ್ಲಿಯೂ ನಾನು ಕಾಣಲಿಲ್ಲ. ಯುದ್ಧದ ಆಚೆಗೆ ನಾವು ಆಟದಲ್ಲಿ ನೋಡಿದ್ದು ಧರ್ಮರಾಯನ ಅಶ್ವಮೇಧದ ಕುದುರೆಯ ಬೆನ್ನು ಹತ್ತಿದ ಕಥೆಗಳನ್ನು. ಸುಧನ್ವ, ತಾಮ್ರಧ್ವಜ, ಬಬ್ರುವಾಹನ. ಲಕ್ಷ್ಮೀಶನ ಜೈಮಿನಿ ಭಾರತದಿಂದ ಬಂದವು. ಆ ಯಾಗ ನಡೆದದ್ದೇ ಬಂಧುಗಳನ್ನು ಕೊಂದ ಪಾಪಕ್ಕೆ ಪರಿಹಾರವೆಂದು. ಕೊಂದ ದುಃಖ ಕಳೆಯುವುದಕ್ಕೆ ಮತ್ತೊಂದು ಸುತ್ತು ಕಾಳಗ ನಡೆದು, ಕೊನೆಗೆ ಮಗನೇ ತಂದೆಯ ತಲೆ ತೆಗೆಯುವವರೆಗೆ ಅದು ಬೆಳೆಯುತ್ತದೆ. ಚಂಡೆಯ ಪೆಟ್ಟಿಗೆ ಮೈಮರೆತು ಬಬ್ರುವಾಹನನ ಆಟವನ್ನು ಎಷ್ಟು ಸಲ ನೋಡಿದೆನೋ. ಈ ಕುದುರೆ ಯಾಕೆ ಹೊರಟಿತು ಎಂದು ಒಂದು ಸಲವೂ ನೆನಪಾಗಿರಲಿಲ್ಲ.

ಸ್ತ್ರೀಪರ್ವದಲ್ಲಿ ಒಂದು ಲೆಕ್ಕವಿದೆ. ಧೃತರಾಷ್ಟ್ರ ಕೇಳುತ್ತಾನೆ, ಸತ್ತವರೆಷ್ಟು? ಯುಧಿಷ್ಠಿರ ಹೇಳುತ್ತಾನೆ, 166 ಕೋಟಿ 20 ಸಾವಿರ. ಆ ಸಂಖ್ಯೆ ನನ್ನನ್ನು ಅಲುಗಿಸಲಿಲ್ಲ, ಕಾವ್ಯದ ದೊಡ್ಡ ಸಂಖ್ಯೆ ಅದು. ಅದರ ಬೆನ್ನಿಗೇ ಬರುವ ಇನ್ನೊಂದು ಸಂಖ್ಯೆ ಅಲುಗಿಸಿತು. ಏನಾದರೆಂದು ಕಾಣದೆ ಹೋದ ವೀರರು 24,165. ಕೋಟಿಗಳನ್ನು ಸಾವಿರದಲ್ಲಿ ನಿಲ್ಲಿಸಿದ ಕವಿ, ಕಾಣೆಯಾದವರನ್ನು ಮಾತ್ರ ಕೊನೆಯ ಐದು ಜನರವರೆಗೆ ಎಣಿಸಿದ್ದಾನೆ.

ಕಾಣೆಯಾದವರ ಲೆಕ್ಕ ಏನೆಂಬುದು ಈ ಕರಾವಳಿಗೆ ಚೆನ್ನಾಗಿ ಗೊತ್ತು. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ದೋಣಿ ಏಳು ಮೀನುಗಾರರೊಂದಿಗೆ ಕಾಣೆಯಾಯಿತು. ಅವರಲ್ಲಿ ಐವರು ನಮ್ಮ ಜಿಲ್ಲೆಯವರು. ದೋಣಿಯ ಅವಶೇಷವನ್ನು ನೌಕಾಪಡೆ ಮಹಾರಾಷ್ಟ್ರದ ಕಡಲಲ್ಲಿ ಗುರುತಿಸುವ ಹೊತ್ತಿಗೆ ಮುಂದಿನ ಬೇಸಿಗೆ ಬಂದಿತ್ತು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯಲ್ಲಿದ್ದವರನ್ನು ಗಂಗಾವಳಿಗೆ ತಳ್ಳಿದಾಗ, ಒಂದು ಲಾರಿಯನ್ನು ಅದರ ಚಾಲಕನ ದೇಹದೊಂದಿಗೆ ಮೇಲೆತ್ತಲು ಸೆಪ್ಟೆಂಬರ್ ಕೊನೆಯವರೆಗೆ ಕಾಯಬೇಕಾಯಿತು. ಆ ದಿನಗಳಲ್ಲಿ ಬಸ್ಸಿನಲ್ಲಿ ಹೋಗುವಾಗ ಹೊಳೆಯ ಕಡೆ ನೋಡದೆ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಸತ್ತರೆಂದು ಹೇಳಲು ಬಾಯಿ ಬಾರದೆ, ಬರುತ್ತಾರೆಂದು ಹೇಳಲು ಧೈರ್ಯ ಸಾಲದೆ ದಿನ ಕಳೆಯುವವರಿಗೆ ಸೂತಕವೂ ಇಲ್ಲ, ಶುದ್ಧವೂ ಇಲ್ಲ.

ಆ ಲೆಕ್ಕ ಒಪ್ಪಿಸಿದ ಮೇಲೆ ಯುಧಿಷ್ಠಿರ ಮಾಡುವ ಕೆಲಸ ನನಗೆ ಬಹಳ ಮುಖ್ಯವೆನ್ನಿಸಿತು. ವಿದುರ, ಸಂಜಯ, ಧೌಮ್ಯ, ಯುಯುತ್ಸು ಇವರನ್ನೆಲ್ಲ ಕರೆದು, ಯಾರೂ ದಿಕ್ಕಿಲ್ಲದೆ ಸತ್ತವರಿದ್ದಾರಲ್ಲ, ಅವರ ಒಂದು ದೇಹವೂ ಅನಾಥವಾಗಿ ಕೊಳೆಯಬಾರದು ಎನ್ನುತ್ತಾನೆ. ಚಂದನ, ಅಗರು, ತುಪ್ಪ ತರಿಸುತ್ತಾರೆ. ಮುರಿದ ರಥಗಳ ಮರವೂ ಚಿತೆಗೆ ಬರುತ್ತದೆ. ಗೆದ್ದವರ ರಥ ಯಾವುದು, ಸೋತವರ ರಥ ಯಾವುದು ಎಂದು ಉರಿಯುವ ಮರಕ್ಕೆ ಗೊತ್ತಿರುವುದಿಲ್ಲ. ಕಾರವಾರದಲ್ಲಿ ಟಾಗೋರ್ ಕಡಲತೀರಕ್ಕೆ ಸಂಜೆ ವಾಕಿಂಗ್ ಹೋದಾಗ, ದಡಕ್ಕೇರಿಸಿ ನಿಲ್ಲಿಸಿದ ಚಾಪಲ್ ಯುದ್ಧನೌಕೆಯ ಮೇಲೆ ಮಕ್ಕಳು ಹತ್ತಿ ಇಳಿಯುವುದನ್ನು ನೋಡುತ್ತೇನೆ. ಹತ್ತಿರದಲ್ಲೇ ಚೆಂಡಿಯಾದ ರಾಮ ರಾಘೋಬ ರಾಣೆಯವರ ಪ್ರತಿಮೆಯಿದೆ. 1948ರ ಏಪ್ರಿಲಿನಲ್ಲಿ ನೌಶೇರಾದಿಂದ ರಾಜೌರಿಗೆ ಹೋಗುವ ದಾರಿಯ ಮೈನುಗಳನ್ನು, ಉರುಳಿಸಿದ್ದ ಮರಗಳನ್ನು ಗುಂಡಿನ ಮಳೆಯ ನಡುವೆ ತೆಗೆದುಹಾಕಿ ಪರಮವೀರ ಚಕ್ರ ಪಡೆದವರು. ಯುದ್ಧದ ನೆನಪನ್ನು ಊರು ಹೀಗೆ ಎದೆಯುಬ್ಬಿಸಿ ಇಟ್ಟುಕೊಳ್ಳುವುದು ಸರಿಯೇ. ನನಗೆ ಆ ಪ್ರತಿಮೆಯ ಮುಂದೆ ನಿಂತಾಗಲೂ ಮುರಿದ ರಥದ ಮರಗಳನ್ನು ಹೊತ್ತು ತರುವವರೇ ನೆನಪಾಗುತ್ತಾರೆ.

ಧೃತರಾಷ್ಟ್ರನ ದುಃಖದ ಬಗ್ಗೆ ಹೆಚ್ಚು ಹೇಳಲಾರೆ. ವಿದುರ ಎಷ್ಟು ಸಮಾಧಾನ ಹೇಳಿದರೂ ಅವನು ದೈವದ ಕಡೆಗೇ ಜಾರುತ್ತಾನೆ. ಭೀಮನನ್ನು ಅಪ್ಪಿಕೊಳ್ಳಲು ಕರೆದು, ಕೃಷ್ಣ ಮುಂದೆ ಒಡ್ಡಿದ ಕಬ್ಬಿಣದ ಗೊಂಬೆಯನ್ನು ಪುಡಿಮಾಡುತ್ತಾನೆ, ಆಮೇಲೆ ಅಯ್ಯೋ ಭೀಮಾ ಎಂದು ಅಳುತ್ತಾನೆ. ಅವನ ಅಪ್ಪುಗೆಯೂ ಸುಳ್ಳಲ್ಲ, ಅವನ ಅಳುವೂ ಸುಳ್ಳಲ್ಲ, ಅದೇ ಹೆದರಿಸುವ ವಿಷಯ.

ಗಾಂಧಾರಿ ಬೇರೆ. ಅವಳ ಎದುರು ಪಾಂಡವರು ಒಬ್ಬೊಬ್ಬರಾಗಿ ನಿಲ್ಲುತ್ತಾರೆ. ಭೀಮ ಹೆದರಿಕೊಂಡೇ ವಾದ ಮಾಡುತ್ತಾನೆ. ಪ್ರಾಣ ಉಳಿಸಿಕೊಳ್ಳಲು ಹಾಗೆ ಹೊಡೆದೆ, ದುಃಶಾಸನನ ರಕ್ತ ನನ್ನ ತುಟಿ ದಾಟಿ ಒಳಗೆ ಹೋಗಲಿಲ್ಲ ಎನ್ನುತ್ತಾನೆ. ಅವಳು ಅದಕ್ಕೆ ಕೊಡುವ ಉತ್ತರದಲ್ಲಿ ಧರ್ಮಶಾಸ್ತ್ರವಿಲ್ಲ. ನೂರು ಜನರಲ್ಲಿ ಕಡಿಮೆ ತಪ್ಪು ಮಾಡಿದವನು ಒಬ್ಬನಾದರೂ ಇರಲಿಲ್ಲವೇ, ಈ ಇಬ್ಬರು ಮುದಿ ಕುರುಡರಿಗೆ ಊರುಗೋಲಾಗಿ ಒಬ್ಬನನ್ನು ಬಿಡಬಾರದಿತ್ತೇ ಎಂದು ಕೇಳುತ್ತಾಳೆ. ನೂರರಲ್ಲಿ ಒಬ್ಬ. ಆ ಪ್ರಶ್ನೆಗೆ ಭಾರತದಲ್ಲಿ ಯಾರೂ ಉತ್ತರ ಕೊಟ್ಟಿಲ್ಲ.

ಆಮೇಲೆ, ಎಲ್ಲಿ ಆ ರಾಜ ಎಂದು ಕೇಳುತ್ತಾಳೆ. ಯುಧಿಷ್ಠಿರ ನಡುಗುತ್ತ ಮುಂದೆ ಬಂದು ಕೈ ಮುಗಿಯುತ್ತಾನೆ. ನಿನ್ನ ಮಕ್ಕಳನ್ನು ಕೊಂದವನು ನಾನು, ಭೂಮಿಯ ನಾಶಕ್ಕೆ ಕಾರಣ ನಾನು, ಶಪಿಸು ಎನ್ನುತ್ತಾನೆ. ಅವಳು ಶಪಿಸುವುದಿಲ್ಲ, ಮಾತೇ ಆಡುವುದಿಲ್ಲ, ಉಸಿರು ಬಿಡುತ್ತಾಳೆ. ಕಾಲಿಗೆ ಬೀಳಲು ಬಾಗಿದವನ ಬೆರಳ ತುದಿಗಳು ಕಣ್ಣುಪಟ್ಟಿಯ ಸಂದಿನಿಂದ ಅವಳಿಗೆ ಕಾಣುತ್ತವೆ. ಅಷ್ಟಕ್ಕೇ ಅವನ ಚೆಂದದ ಉಗುರುಗಳು ಕೆಟ್ಟುಹೋಗುತ್ತವೆ. ಅದನ್ನು ಕಂಡು ಅರ್ಜುನ ಕೃಷ್ಣನ ಬೆನ್ನ ಹಿಂದೆ ಸರಿಯುತ್ತಾನೆ. ಹದಿನೆಂಟು ದಿನ ಯಾರಿಗೂ ಬೆನ್ನು ತೋರಿಸದವನು ಒಬ್ಬ ತಾಯಿಯ ಕಣ್ಣಿಗೆ ಹೆದರಿ ಮರೆಯಾಗುವ ಈ ಒಂದು ವಾಕ್ಯ ನನಗೆ ಇಡೀ ಭೀಷ್ಮಪರ್ವಕ್ಕಿಂತ ದೊಡ್ಡದಾಗಿ ಕಂಡಿತು. ಯುಧಿಷ್ಠಿರನ ಉಗುರು ಸರಿಹೋಯಿತೆಂದು ಕವಿ ಮುಂದೆಲ್ಲೂ ಹೇಳಿದಂತೆ ನನಗೆ ಕಾಣಲಿಲ್ಲ. ಅವನು ಮೂವತ್ತಾರು ವರ್ಷ ರಾಜ್ಯವಾಳಿದ. ದಾನಕ್ಕೆ ನೀರು ಬಿಡುವಾಗ, ಹಿರಿಯರಿಗೆ ನಮಸ್ಕರಿಸುವಾಗ, ಅದು ಅವನ ಕಣ್ಣಿಗೇ ಬೀಳುತ್ತಿರಬೇಕು.

ಇಷ್ಟಾದ ಮೇಲೆ ಗಾಂಧಾರಿ ದ್ರೌಪದಿಯ ಕಡೆಗೆ ತಿರುಗುತ್ತಾಳೆ. ಐವರು ಮಕ್ಕಳನ್ನು ಒಂದೇ ರಾತ್ರಿ ಕಳೆದುಕೊಂಡವಳು ನೆಲದ ಮೇಲೆ ಬಿದ್ದು ಅಳುತ್ತಿದ್ದಾಳೆ. ಸೋತ ಮನೆಯ ಅತ್ತೆ, ಗೆದ್ದ ಮನೆಯ ಸೊಸೆ. ನೀನು ಹೇಗೋ ನಾನೂ ಹಾಗೆಯೇ, ನಮ್ಮಿಬ್ಬರನ್ನು ಸಮಾಧಾನ ಮಾಡುವವರು ಯಾರು, ನನ್ನದೇ ತಪ್ಪಿನಿಂದ ಈ ದೊಡ್ಡ ಕುಲ ನಾಶವಾಯಿತು ಎನ್ನುತ್ತಾಳೆ. ಮಮೈವ ಹ್ಯಪರಾಧೇನ. ಈ ಮಾತಿನ ಮುಂದೆ ನಾನು ಬಹಳ ಹೊತ್ತು ಪುಸ್ತಕ ಮುಚ್ಚಿ ಕುಳಿತೆ. ಯಾವ ತಪ್ಪು ಎಂದು ಅವಳು ಬಿಡಿಸಿ ಹೇಳುವುದಿಲ್ಲ. ಮಗನಿಗೆ ಹೇಳಬೇಕಾದದ್ದನ್ನು ತುಂಬಿದ ಸಭೆಯಲ್ಲೇ ಹೇಳಿದವಳು ಅವಳು. ಯುದ್ಧ ಬೇಡವೆಂದಳು, ಗೆಲುವು ಧರ್ಮವಿದ್ದ ಕಡೆಗೇ ಎಂದಳು. ಅಷ್ಟು ಮಾಡಿದವಳೇ ‘ನನ್ನ ತಪ್ಪು’ ಎನ್ನಬಲ್ಲಳಾದರೆ ಉಳಿದವರ ಗತಿಯೇನು?

ನಂತರದ ಅಧ್ಯಾಯಗಳು ರಣರಂಗದ ಮೇಲೆ ನಡೆದಾಡುತ್ತವೆ. ಅಭಿಮನ್ಯುವಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ ಉತ್ತರೆ, ಗಂಡನ ತಲೆಗಾಗಿ ಹುಡುಕುತ್ತಾ ಓಡುವ ದುಃಶಲೆ, ಭೂರಿಶ್ರವನ ಕತ್ತರಿಸಿದ ಕೈಯನ್ನೆತ್ತಿಕೊಂಡು ಮುದ್ದಿಸುವ ಅವನ ಹೆಂಡತಿ. ನಾನು ವಿವರಿಸುವುದಿಲ್ಲ. ಓದುವ ಮನಸ್ಸಿದ್ದವರು ಬೆಳಗಿನ ಹೊತ್ತಿನಲ್ಲಿ ಓದಬೇಕು, ರಾತ್ರಿ ಬೇಡ. ಕನ್ನಡದಲ್ಲಿ ಇದಕ್ಕೆ ಹೆಗಲೆಣೆಯಾಗಿ ನಿಲ್ಲುವುದು ರನ್ನನ ಗದಾಯುದ್ಧದಲ್ಲಿ ದುರ್ಯೋಧನ ಹೆಣಗಳ ನಡುವೆ ನಡೆಯುವ ಭಾಗ. ತಂದೆಗೆ ಮಗ ತರ್ಪಣ ಕೊಡಬೇಕಾದ ಕ್ರಮವನ್ನು ತಲೆಕೆಳಗು ಮಾಡಿದೆಯಲ್ಲೋ ಎಂದು ಮಗ ಲಕ್ಷಣಕುಮಾರನ ಮುಂದೆ ಅವನು ಅಳುತ್ತಾನೆ. ಶತ್ರುವಿನ ಮಗ ಅಭಿಮನ್ಯುವಿನ ಮುಂದೆ ಕೈಮುಗಿದು ನಿನ್ನಂಥ ಸಾವು ನನಗೂ ಬರಲಿ ಎನ್ನುತ್ತಾನೆ. ಹತ್ತನೆಯ ಶತಮಾನದ ಕವಿಗೆ, ಆಸ್ಥಾನದಲ್ಲಿ ಭೀಮನ ಪಕ್ಷ ವಹಿಸಿ ಬರೆಯುತ್ತಿದ್ದವನಿಗೆ, ಎದುರು ಪಕ್ಷದ ದುಃಖವನ್ನು ಇಷ್ಟು ಹತ್ತಿರದಿಂದ ನೋಡುವ ಎದೆಗಾರಿಕೆ ಎಲ್ಲಿಂದ ಬಂತೋ.

ರಣರಂಗವನ್ನೆಲ್ಲ ಕಂಡ ಗಾಂಧಾರಿ ಕೊನೆಗೆ ಕೃಷ್ಣನನ್ನು ಶಪಿಸುತ್ತಾಳೆ. ಅವಳು ಹೊರಿಸುವ ಅಪರಾಧ ಕೊಲೆಯಲ್ಲ, ಉಪೇಕ್ಷೆ. ನಿನಗೆ ಬಲವಿತ್ತು, ಮಾತಿತ್ತು, ಎರಡೂ ಕಡೆಯವರು ನಿನ್ನ ಮಾತು ಕೇಳುತ್ತಿದ್ದರು, ಆದರೂ ಸಾಯಲೆಂದು ನೋಡುತ್ತ ನಿಂತೆ. ಇನ್ನು ಮೂವತ್ತಾರನೆಯ ವರ್ಷಕ್ಕೆ ನಿನ್ನ ಕುಲವೂ ಹೀಗೆಯೇ ಹೊಡೆದಾಡಿ ಸಾಯಲಿ. ಕೃಷ್ಣ ನಸುನಗುತ್ತಾನೆ, ಇದು ಆಗಬೇಕಾದದ್ದೇ ಎನ್ನುತ್ತಾನೆ. ಬಳಿಕ, ಏಳು ತಾಯಿ, ನಿನ್ನದೇ ತಪ್ಪಿನಿಂದ ಕುರುಗಳು ಸತ್ತರು, ನಿನ್ನ ತಪ್ಪನ್ನು ನನ್ನ ಮೇಲೆ ಯಾಕೆ ಹೊರಿಸುತ್ತೀ ಎನ್ನುತ್ತಾನೆ. ತವೈವ ಹ್ಯಪರಾಧೇನ. ಸಂಸ್ಕೃತದಲ್ಲಿ ಈ ಮಾತಿಗೂ ಅವಳು ದ್ರೌಪದಿಗೆ ಹೇಳಿದ ಮಾತಿಗೂ ಒಂದೇ ಪದದ ವ್ಯತ್ಯಾಸ. ‘ನನ್ನದೇ’ ಎಂದಾಗ ಅದು ಇಬ್ಬರು ಹೆಂಗಸರನ್ನು ಹತ್ತಿರ ತಂದಿತು. ‘ನಿನ್ನದೇ’ ಎಂದಾಗ ಅವಳ ಬಾಯಿ ಮುಚ್ಚಿಸಿತು. ಅವಳು ಮತ್ತೆ ಮಾತಾಡಲಿಲ್ಲ ಎಂದು ಬರೆದಿದೆ. ದೇವರೆಂದು ನಂಬಿ ಪೂಜಿಸುವವನ ಬಗ್ಗೆ ಹೀಗೆ ಹೇಳಲು ಹಿಂಜರಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಆ ಹೊತ್ತಿನಲ್ಲಿ ಆ ಮಾತು ಬೇಕಿರಲಿಲ್ಲ.

ನಮ್ಮ ಮನೆಯ ಹತ್ತು ವರ್ಷದ ವ್ಯಾಜ್ಯದಲ್ಲಿ ನಾನು ಕೇಳಿದ್ದೆಲ್ಲ ‘ಅವನದೇ ತಪ್ಪು’ ಎಂಬ ಮಾತು. ಕುಮಟೆಯ ಬಾಡಿಗೆ ಮನೆಯಲ್ಲೂ ಅದೇ ಮಾತು ನಡೆಯುತ್ತಿದ್ದಿರಬೇಕು.

ಈಗ ನನ್ನದನ್ನು ಹೇಳಬೇಕು. ನಾನು ಕಾರವಾರದಲ್ಲಿ ಕೆಲಸಕ್ಕೆ ಸೇರಿದ ಎರಡನೆಯ ವರ್ಷ, ಒಂದು ಮಧ್ಯಾಹ್ನ ಚಿಕ್ಕಪ್ಪ ಕಚೇರಿಗೆ ಬಂದಿದ್ದ. ಯಾವುದೋ ದಾಖಲೆಯ ನಕಲು ಬೇಕಾಗಿತ್ತು, ಜಿಲ್ಲಾ ಕೇಂದ್ರಕ್ಕೆ ಬಂದವನು ನನ್ನನ್ನು ಹುಡುಕಿಕೊಂಡು ಬಂದಿದ್ದ. ಹೊರಗಿನ ಬೆಂಚಿನ ಮೇಲೆ ಕೊಡೆಯನ್ನು ಮೊಣಕಾಲುಗಳ ನಡುವೆ ಇಟ್ಟುಕೊಂಡು ಕುಳಿತಿದ್ದ. ಅಪ್ಪಯ್ಯನಿಗೆ ಗೊತ್ತಾದರೆ ಏನೆನ್ನುತ್ತಾನೋ ಎಂಬುದೊಂದೇ ನನ್ನ ತಲೆಯಲ್ಲಿತ್ತು. ಆ ಕ್ಲರ್ಕು ಇಲ್ಲ, ಇನ್ನೊಂದು ದಿನ ಬನ್ನಿ ಎಂದೆ. ಬಹುವಚನದಲ್ಲಿ ಮಾತಾಡಿದೆ, ಅಪರಿಚಿತರಿಗೆ ಮಾತಾಡುವ ಹಾಗೆ. ಒಂದು ಲೋಟ ಚಹಾ ತರಿಸಲಿಲ್ಲ. ಅವನು “ಆಯಿತು ಮಾಣಿ” ಎಂದು ಎದ್ದ. ಕಾರಿಡಾರಿನ ಆ ತುದಿಯವರೆಗೆ ನಡೆದು ಹೋಗುವಾಗ ಹಿಂದಿನಿಂದ ನೋಡಿದರೆ ಅಪ್ಪಯ್ಯನೇ ಹೋಗುತ್ತಿದ್ದಂತಿತ್ತು, ಎಡ ಭುಜ ಒಂದಿಷ್ಟು ತಗ್ಗಿಸಿ, ಹಿಮ್ಮಡಿಯನ್ನು ಒತ್ತಿ ಇಡುವ ಆ ನಡಿಗೆ. ಕೂಗಬೇಕೆನ್ನಿಸಿತು. ಕೂಗಲಿಲ್ಲ.

ಸ್ತ್ರೀಪರ್ವದ ಕೊನೆ ಗಂಗೆಯ ದಡದಲ್ಲಿ. ಎಲ್ಲರೂ ಆಭರಣ ಕಳಚಿಟ್ಟು ನೀರಿಗಿಳಿದು ತಮ್ಮ ತಮ್ಮವರಿಗೆ ಜಲಾಂಜಲಿ ಕೊಡುತ್ತಿದ್ದಾರೆ. ಆಗ ಕುಂತಿ ಮೆಲ್ಲನೆ ಹೇಳುತ್ತಾಳೆ, ಕರ್ಣನಿಗೂ ನೀರು ಕೊಡಿ, ಅವನು ನಿಮ್ಮ ಅಣ್ಣ. ಕರ್ಣ ಯಾರೆಂದು ಯುದ್ಧಕ್ಕೆ ಮೊದಲೇ ಕೃಷ್ಣನಿಗೆ ಗೊತ್ತಿತ್ತು, ಭೀಷ್ಮನಿಗೆ ಗೊತ್ತಿತ್ತು, ಕರ್ಣನಿಗೇ ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು ಕೊಂದವರಿಗೆ. ಅಭಿಮನ್ಯು ಸತ್ತಾಗ ಆದದ್ದಕ್ಕಿಂತ ನೂರು ಪಟ್ಟು ನೋವು ಈಗಾಯಿತು ಎಂದು ಯುಧಿಷ್ಠಿರ ಹೇಳುತ್ತಾನೆ. ಕರ್ಣನ ಹೆಂಡಂದಿರನ್ನು ಕರೆಸಿಕೊಂಡು ಅವರ ಜೊತೆ ನಿಂತು ಅಣ್ಣನಿಗೆ ನೀರು ಬಿಡುತ್ತಾನೆ.

ಶಾಂತಿಪರ್ವದ ಮೊದಲ ಅಧ್ಯಾಯದಲ್ಲಿ ಅವನು ನಾರದನ ಮುಂದೆ ಒಂದು ಸಣ್ಣ ವಿಷಯ ಹೇಳಿಕೊಳ್ಳುತ್ತಾನೆ. ಜೂಜಿನ ಸಭೆಯಲ್ಲಿ ಕರ್ಣ ಕೆಟ್ಟ ಮಾತಾಡಿದಾಗ ನನಗೆ ಸಿಟ್ಟು ಉಕ್ಕಿತ್ತು, ಅವನ ಕಾಲುಗಳನ್ನು ನೋಡಿದೊಡನೆ ಇಳಿದುಹೋಯಿತು. ಅವು ನಮ್ಮ ತಾಯಿಯ ಕಾಲುಗಳ ಹಾಗೆಯೇ ಇದ್ದವು. ಯಾಕೆಂದು ತಿಳಿಯಲು ಯತ್ನಿಸಿದೆ, ತಿಳಿಯಲಿಲ್ಲ.

ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇಷ್ಟು ನೋವು ಉಂಡ ಯುಧಿಷ್ಠಿರ ಒಂದು ಕಡೆ ತಪ್ಪಿದ. ತಾಯಿ ಗುಟ್ಟು ಮುಚ್ಚಿಟ್ಟದ್ದಕ್ಕೆ ಲೋಕದ ಎಲ್ಲ ಹೆಂಗಸರಿಗೂ ಇನ್ನು ಗುಟ್ಟು ಉಳಿಯದಿರಲಿ ಎಂದು ಶಪಿಸಿದ. ನಮ್ಮಲ್ಲಿ ಆ ಶಾಪವನ್ನು ಹೆಂಗಸರ ಬಾಯಿ ಎಂಬ ಹಾಸ್ಯಕ್ಕೆ ಬಳಸುತ್ತಾರೆ. ನನಗೆ ಅದರಲ್ಲಿ ಹಾಸ್ಯ ಕಾಣುವುದಿಲ್ಲ. ಹೆತ್ತ ಮಗನನ್ನು ಹೊಳೆಗೆ ಬಿಟ್ಟ ಎಳೆಯ ಹುಡುಗಿ ಒಂದು ಆಯುಷ್ಯವಿಡೀ ಬಾಯಿ ಮುಚ್ಚಿಕೊಂಡು ಬದುಕುವಂತೆ ಮಾಡಿದವರು ಯಾರೆಂದು ಅವನು ಕೇಳಲಿಲ್ಲ. ತಡವಾಗಿಯಾದರೂ ನಿಜ ಹೇಳಿದ್ದು ಅವಳೊಬ್ಬಳೇ. ಕೃಷ್ಣ ಹೇಳಿರಲಿಲ್ಲ.

ಮುಂದೆ ಅವನು ರಾಜ್ಯವೇ ಬೇಡವೆನ್ನುತ್ತಾನೆ. ಮಾಂಸದ ತುಂಡಿಗೆ ಕಚ್ಚಾಡಿದ ನಾಯಿಗಳ ಹಾಗೆ ಆದೆವು ಎನ್ನುತ್ತಾನೆ. ತಮ್ಮಂದಿರು, ದ್ರೌಪದಿ, ವ್ಯಾಸ, ಕೃಷ್ಣ ಎಲ್ಲರೂ ಸರದಿಯಂತೆ ಬುದ್ಧಿ ಹೇಳುತ್ತಾರೆ. ಕೊಂದದ್ದು ಕಾಲ, ನೀನಲ್ಲ ಎಂಬುದು ವ್ಯಾಸನ ಒಂದು ಮಾತು. ಪ್ರಾಯಶ್ಚಿತ್ತಕ್ಕೆ ಯಾಗ ಮಾಡು ಎಂಬುದು ಇನ್ನೊಂದು. ಎರಡೂ ದೊಡ್ಡವರ ಮಾತುಗಳು. ನನಗೆ ಅವುಗಳಿಗಿಂತ ಯುಧಿಷ್ಠಿರ ಒಪ್ಪದೆ ಹಟ ಹಿಡಿದದ್ದೇ ಹೆಚ್ಚು ನಿಜವೆನಿಸಿತು. ಕೊನೆಗೆ ಒಪ್ಪಿದ, ಪ್ರಜೆಗಳಿದ್ದರು, ವಿಧವೆಯರಿದ್ದರು, ಯಾರಾದರೂ ಆಳಲೇಬೇಕಿತ್ತು.

ಜನ ಓದದ ಇನ್ನೊಂದು ಪರ್ವವಿದೆ, ಆಶ್ರಮವಾಸಿಕ. ಯುದ್ಧ ಮುಗಿದು ಹದಿನೈದು ವರ್ಷ ಧೃತರಾಷ್ಟ್ರ ಪಾಂಡವರ ಮನೆಯಲ್ಲೇ ಇದ್ದ. ಯುಧಿಷ್ಠಿರ ಗೌರವದಿಂದ ನೋಡಿಕೊಂಡ. ಭೀಮ ಮಾತ್ರ ಮುದುಕನ ಕಿವಿಗೆ ಬೀಳುವಂತೆ ತೋಳು ತಟ್ಟಿ, ಈ ತೋಳುಗಳೇ ನಿನ್ನ ಮಕ್ಕಳನ್ನು ಮುಗಿಸಿದವು ಎಂದು ಚುಚ್ಚುತ್ತಿದ್ದ. ಕಾಡಿಗೆ ಹೊರಡುವ ಮೊದಲು ಧೃತರಾಷ್ಟ್ರ ಭೀಷ್ಮ, ದ್ರೋಣ ಮತ್ತು ತನ್ನ ಮಕ್ಕಳ ಶ್ರಾದ್ಧಕ್ಕೆಂದು ಹಣ ಕೇಳಿ ಕಳಿಸುತ್ತಾನೆ. ಭೀಮ ಕೊಡಬೇಡಿ ಎನ್ನುತ್ತಾನೆ. ಸತ್ತು ಹದಿನೈದು ವರ್ಷವಾದ ಮೇಲೂ ಅವರಿಗೆ ಒಂದು ಪಿಂಡ ಹೋಗುವುದು ಅವನಿಗೆ ಬೇಡ. ಅರ್ಜುನ ಅವನನ್ನು ಸುಮ್ಮನಿರಿಸಿದ. ಯುಧಿಷ್ಠಿರ, ನನ್ನ ಮತ್ತು ಅರ್ಜುನನ ಬೊಕ್ಕಸದಿಂದ ಎಷ್ಟು ಬೇಕಾದರೂ ತೆಗೆದುಕೊಳ್ಳಲಿ ಎಂದು ಹೇಳಿ ಕಳಿಸಿದ. ಭೀಮನನ್ನು ನಾನು ತೆಗಳಲಾರೆ. ನಮ್ಮ ಮನೆಯಲ್ಲಿ ನಾನಿದ್ದದ್ದು ಅವನ ಜಾಗದಲ್ಲೇ.

ಅವರು ಹೊರಟಾಗ ಕುಂತಿಯೂ ಗಾಂಧಾರಿಯ ಕೈ ಹಿಡಿದು ಹೊರಟುಬಿಡುತ್ತಾಳೆ. ಮಕ್ಕಳು ಗೋಗರೆಯುತ್ತಾರೆ. ಹೀಗೆ ಬಿಟ್ಟುಹೋಗುವವಳು ಆಗ ನಮ್ಮನ್ನು ಯುದ್ಧಕ್ಕೆ ಹುರಿದುಂಬಿಸಿದ್ದು ಯಾಕೆ ಎಂದು ಕೇಳುತ್ತಾರೆ. ನೀವು ಯಾರ ಮುಂದೆಯೂ ಕೈಯೊಡ್ಡಬಾರದೆಂದು ಹಾಗೆ ಮಾಡಿದೆ, ಮಕ್ಕಳು ಗೆದ್ದ ರಾಜ್ಯವನ್ನು ಉಣ್ಣುವ ಆಸೆ ನನಗಿಲ್ಲ ಎನ್ನುತ್ತಾಳೆ. ತಿರುಗಿ ನೋಡದೆ ನಡೆಯುತ್ತಾಳೆ.

ಗೋಕರ್ಣದಲ್ಲಿ ನಾನು ಚಿಕ್ಕಪ್ಪನ ಹೆಸರು ಹೇಳಿದೆ. ಗೋತ್ರ ಕೇಳಬೇಕಾಗಿರಲಿಲ್ಲ, ನನ್ನದೇ ಗೋತ್ರ. ಭಟ್ಟರು ಅದನ್ನು ಮಂತ್ರದೊಳಗೆ ಸೇರಿಸಿ ಹೇಳಿಸಿದರು. ಮೂರು ಸಲ ನೀರು ಬಿಟ್ಟೆ. ಹೆಬ್ಬೆರಳಿನ ಪಕ್ಕದಿಂದ ಎಳ್ಳು ಜಾರಿತು. ಮನಸ್ಸು ಹಗುರವಾಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಹದಿನೈದು ವರ್ಷ ತಡವಾಗಿ ಬಂದ ನೀರು ಅವನಿಗೆ ಮುಟ್ಟುತ್ತದೆಯೋ ಎಂದು ಭಟ್ಟರನ್ನು ಕೇಳಿದೆ. ಅವರು ವಯಸ್ಸಾದವರು. ಭೀಷ್ಮ ಸತ್ತು ಎಷ್ಟು ಕಾಲವಾಯಿತು, ಭೀಷ್ಮಾಷ್ಟಮಿಗೆ ಅವನ ಹೆಸರಿನಲ್ಲಿ ಈಗಲೂ ನೀರು ಬಿಡುತ್ತಾರಲ್ಲ ಎಂದರು. ಮಾಘದ ಆ ದಿನ, ಅಪ್ಪ ಅಮ್ಮ ಬದುಕಿರುವವರೂ, ಯಾವ ಗೋತ್ರದವರೂ, ಮಕ್ಕಳಿಲ್ಲದ ಆ ಗಂಗಾಪುತ್ರನಿಗೆ ಅರ್ಘ್ಯ ಕೊಡಬಹುದು.

ಕೊನೆಯಲ್ಲಿ ಅವರು ಉಟ್ಟ ಬಟ್ಟೆಯ ತುದಿ ಹಿಂಡಲು ಹೇಳಿದರು. ತರ್ಪಣ ಕೊಡುವವರಿಗೆಲ್ಲ ಗೊತ್ತಿರುವ ಕ್ರಮ ಅದು. ನಮ್ಮ ಕುಲದಲ್ಲಿ ಹುಟ್ಟಿ ಮಕ್ಕಳಿಲ್ಲದೆ ಸತ್ತವರು ನಾನು ಬಟ್ಟೆ ಹಿಂಡಿದ ಈ ನೀರನ್ನು ತೆಗೆದುಕೊಳ್ಳಲಿ ಎಂಬ ಅರ್ಥದ ಶ್ಲೋಕ. ಪಂಚೆಯ ತುದಿ ತಿರುಚುತ್ತಿರುವಾಗ ನನಗೆ ಹೊಳೆಯಿತು, ಅಪ್ಪಯ್ಯನೂ ಪ್ರತಿ ವರ್ಷ ಇದನ್ನು ಮಾಡಿದ್ದಾನೆ. ಹೆಸರಿಲ್ಲದೆ, ಪಟ್ಟಿಯಲ್ಲಿ ಬರೆಯದೆ. ಆಗ ಅವನ ಮನಸ್ಸಿನಲ್ಲಿ ಯಾರಿದ್ದರು?

ಬಸ್ಸಿನಲ್ಲಿ ಆಯಿಯನ್ನು ಕೇಳಿದೆ. ಅವಳು ಕಿಟಕಿಯ ಆಚೆ ನೋಡುತ್ತಿದ್ದಳು. ಮಿರ್ಜಾನ್ ದಾಟಿತು, ಕುಮಟೆ ಬಂತು. ಕುಮಟೆಯ ಬಸ್ ನಿಲ್ದಾಣದಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. “ಅಪ್ಪಯ್ಯನ ಮನಸ್ಸು ನನಗೆ ಹೇಗೆ ಗೊತ್ತಾಗಬೇಕು” ಎಂದಳು. ತುಸು ಹೊತ್ತಾದ ಮೇಲೆ ತಾನಾಗಿಯೇ ಹೇಳಿದಳು, “ತೀರ್ಪು ಬಂದ ಮರುವಾರ ಅವನೊಂದು ಸಲ ಅಂಗಳಕ್ಕೆ ಬಂದಿದ್ದ. ಅಜ್ಜನ ಪೂಜೆಯ ಶಂಖ ಕೇಳುವುದಕ್ಕೆ. ಅಪ್ಪಯ್ಯ ಒಳಗಿನಿಂದ ಬರಲಿಲ್ಲ. ಬಿಸಿಲಿನಲ್ಲಿ ನಿಂತಿದ್ದ. ನಾನು ಅಡುಗೆಮನೆಯ ಬಾಗಿಲಲ್ಲೇ ಇದ್ದೆ, ಆಸರಿಗೆ ಬೇಕಾ ಎಂದು ಕೇಳಲಿಲ್ಲ. ಬೆಲ್ಲ, ನೀರು ಕೈಗೆಟಕುವ ಹಾಗೇ ಇತ್ತು. ಕೇಳಲಿಲ್ಲ. ಅದು ನನ್ನ ತಪ್ಪು.”

ನಾನು ಕಾರವಾರದ ಬೆಂಚಿನ ಕಥೆ ಹೇಳಿದೆ. ಅವಳಿಗೆ ಅದು ಗೊತ್ತಿರಲಿಲ್ಲ. ಕೇಳಿ ಏನೂ ಅನ್ನಲಿಲ್ಲ, ನನ್ನ ಕೈಯ ಮೇಲೆ ಕೈಯಿಟ್ಟಳು. ಬಸ್ಸು ದೇವಿಮನೆ ಘಟ್ಟ ಹತ್ತತೊಡಗಿತ್ತು. ಕಾಲ ಬಳಿಯ ಚೀಲದಲ್ಲಿ, ಎಷ್ಟು ಹಿಂಡಿದ್ದರೂ ಆರದ ಪಂಚೆಯಿಂದ ನೀರು ಸೋರಿ, ಬಸ್ಸಿನ ನೆಲದ ಮೇಲೆ ತೆಳ್ಳಗೆ ಹಿಂದಕ್ಕೆ ಹರಿಯುತ್ತಿತ್ತು.